ಕಿಟಕಿಯಾಚೆಯಿಂದ ಎಕ್ಸ್‌ರೇ

ನಾನು ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಕೆಜಿಎಫ್ ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ನನ್ನ ಜಾಗದಲ್ಲಿ ಬಂದ ಹುಡುಗಿ ಮೊನ್ನೆ ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತಾ, "ಮೇಡಂ, ಕೋವಿಡ್ ಟೈಮಲ್ಲಿ ನೀವು ವರಾಂಡದಲ್ಲಿ ಮೆಷಿನ್ ಇಟ್ಕೊಂಡು ಕಿಟಕಿಯಿಂದ ಎಕ್ಸ್‌ರೇ ತೆಗೀತಿದ್ರಂತೆ, ನಿಜಾನಾ?" ಎಂದು ಕೇಳಿದಳು. ಅಟೆಂಡರ್ ಸವರಿಮುತ್ತು ಹೇಳಿರಬೇಕು. ನಿಜ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿಕೊಟ್ಟಿಲ್ಲವಂತೆ. ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅವತ್ತಿನ ಕಷ್ಟ ಹೇಳಿಕೊಟ್ಟಿತು ಅಷ್ಟೆ. ಅವಳು ಹೋದ ಮೇಲೆ, ಇದನ್ನೆಲ್ಲಾ ಒಂದು ಕಡೆ ಬರೆದಿಟ್ಟರೆ ಅವಳಂಥವರಿಗೆ ಉಪಯೋಗವಾದೀತು ಅನ್ನಿಸಿ ಕೂತಿದ್ದೇನೆ.

ನಮ್ಮಪ್ಪ ಚಿತ್ರದುರ್ಗದ ಕಡೆಯಿಂದ ಕೆಜಿಎಫ್‌ನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ನಾನು ಬೆಳೆದದ್ದು, ಮದುವೆಯಾಗಿದ್ದು, ಈಗ ಮೊಣಕಾಲು ನೀವಿಕೊಂಡು ಕೂತಿರುವುದು ಎಲ್ಲಾ ಈ ಬಂಗಾರಪೇಟೆಯಲ್ಲೇ. ಮೊಣಕಾಲು ಹೀಗಾಗಲು, ಕಿರಣ ತಾಗದಂತೆ ನಾವು ತೊಡುವ ಸೀಸದ ಏಪ್ರನ್ನಿನ ಭಾರವೂ ಒಂದು ಕಾರಣ ಎಂದು ನಮ್ಮ ಮನೆಯವರ ವಾದ. ಇರಬಹುದು. ಆ ಭಾರವೇ ಇಷ್ಟು ವರ್ಷ ನನ್ನನ್ನು ಕಾಪಾಡಿದ್ದೂ ಹೌದು. ಅದರ ಮೇಲೆ ನನಗೆ ಬೇಜಾರಿಲ್ಲ.

ಮೊದಲ ಕೆಲಸ ಬಂಗಾರಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ. ಅಲ್ಲಿ ಹಿರಿಯ ಟೆಕ್ನಿಷಿಯನ್ ನರಸಿಂಹಯ್ಯ ಸಾರ್ ಇದ್ದರು. ಆಗಿನ್ನೂ ಕಂಪ್ಯೂಟರ್ ಇಲ್ಲ. ತೆಗೆದ ಫಿಲ್ಮನ್ನು ಕತ್ತಲೆ ಕೋಣೆಗೆ ಒಯ್ದು, ಮೊದಲು ಡೆವಲಪರ್ ತೊಟ್ಟಿಯಲ್ಲಿ, ಆಮೇಲೆ ನೀರಿನಲ್ಲಿ, ಆಮೇಲೆ ಫಿಕ್ಸರ್ ತೊಟ್ಟಿಯಲ್ಲಿ ಅದ್ದಿ, ಬಟ್ಟೆ ಒಣಹಾಕಿದ ಹಾಗೆ ಕ್ಲಿಪ್ಪಿಗೆ ನೇತುಹಾಕಬೇಕು. ಸೇರಿದ ಹೊಸದರಲ್ಲಿ ನಾನು ಕತ್ತಲಲ್ಲಿ ತೊಟ್ಟಿ ಅದಲುಬದಲು ಮಾಡಿ ಫಿಕ್ಸರಿಗೇ ಮೊದಲು ಹಾಕಿಬಿಟ್ಟೆ. ಫಿಲ್ಮು ಗಾಜಿನ ಹಾಗೆ ಬಿಳಿಚಿಕೊಂಡು ಹೊರಗೆ ಬಂತು. ನರಸಿಂಹಯ್ಯ ಸಾರ್ ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಬಹಳ ಗಂಭೀರವಾಗಿ, "ಚೆನ್ನಾಗಿ ಬಂದಿದೆಯಮ್ಮಾ ಸರೋಜಾ. ಈ ಮನುಷ್ಯನಿಗೆ ಮೂಳೆಯೇ ಇಲ್ಲ, ಪುಣ್ಯವಂತ. ಮುರಿಯೋ ಪ್ರಶ್ನೆಯೇ ಇಲ್ಲ ನೋಡು" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಆಮೇಲೆ ಎಂದೂ ತೊಟ್ಟಿ ತಪ್ಪಲಿಲ್ಲ.

ಅವರಿಂದ ಕಲಿತದ್ದು ಎರಡು. ಒಂದು, ಉಸಿರಿನ ಮಾತನ್ನು ಮೂರು ಭಾಷೆಯಲ್ಲೂ ಹೇಳುವುದು. ಎದೆಯ ಎಕ್ಸ್‌ರೇ ತೆಗೆಯುವಾಗ ಉಸಿರು ಪೂರ್ತಿ ಎಳೆದು, ಹಿಡಿದು, ನಾವು ಹೇಳಿದಾಗ ಬಿಡಬೇಕು. ಹಿಡಿಯದಿದ್ದರೆ ಚಿತ್ರ ಅಲುಗುತ್ತದೆ. ನಮ್ಮ ಕಡೆ ಬರುವವರಲ್ಲಿ ಒಬ್ಬರದು ಕನ್ನಡ, ಒಬ್ಬರದು ತೆಲುಗು, ಕೆಜಿಎಫ್ ಗಣಿ ಕಾರ್ಮಿಕರ ಲೈನುಮನೆಗಳವರದು ತಮಿಳು. ಹಾಗಾಗಿ "ಎಳ್ಕೊ, ಹಿಡ್ಕೊ, ಬಿಡು", "ಪೀಲ್ಚು, ಪಟ್ಟುಕೋ, ವದ್ಲು", "ಇಳು, ಪಿಡಿ, ವಿಡು". ಮನೆಯಲ್ಲಿ ನಿದ್ದೆಗಣ್ಣಲ್ಲಿ ಕೂಡ ನಾನು ಇದನ್ನೇ ಗೊಣಗುತ್ತೇನೆಂದು ನಮ್ಮ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ.

ಎರಡನೆಯದು ಊಟದ ಪ್ರಶ್ನೆ. ರೋಗಿ ಒಳಗೆ ಬಂದ ಕೂಡಲೇ ಸಾರ್ "ಊಟ ಏನ್ ಮಾಡಿದ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ನಾನು ಇದೇನು ಹಾಳು ಹರಟೆ ಅಂದುಕೊಂಡಿದ್ದೆ. "ಅವರು ಏನು ತಿಂದ್ರು ಅನ್ನೋದು ನನಗೆ ಬೇಡಮ್ಮ. ಒಂದು ಉಸಿರಿಗೆ ಎಷ್ಟು ಮಾತು ಬರುತ್ತೆ ಅಂತ ಕೇಳಿಸ್ಕೊತಾ ಇರ್ತೀನಿ. ಮಲಗಿಸಬಹುದಾ, ಕೂರಿಸೇ ತೆಗೀಬೇಕಾ ಅಂತ ಅಲ್ಲೇ ಗೊತ್ತಾಗುತ್ತೆ" ಎಂದು ಒಮ್ಮೆ ಬಿಡಿಸಿ ಹೇಳಿದರು. ಹೊಸಬರು ಇದನ್ನು ರೂಢಿಸಿಕೊಳ್ಳಿ. ಗುಂಡಿ ಒತ್ತುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮಿಕ್ಕಿದ್ದೆಲ್ಲಾ ಮನುಷ್ಯರನ್ನು ಕೂರಿಸುವ, ತಿರುಗಿಸುವ, ಹೆದರಿಕೆ ಬಿಡಿಸುವ ಕೆಲಸ.

ಆಮೇಲೆ ಕೆಜಿಎಫ್‌ಗೆ ಬಂದೆ. ಬೆಳಿಗ್ಗೆ ಬಂಗಾರಪೇಟೆಯಿಂದ ಪ್ಯಾಸೆಂಜರ್ ರೈಲು, ಊರಿಗಾಂನಲ್ಲಿ ಇಳಿದು ಆಟೋ. ಆಸ್ಪತ್ರೆಯದು ಹಳೆಯ ಕಟ್ಟಡ. ಎತ್ತರದ ಚಾವಣಿ, ಸುತ್ತಲೂ ಉದ್ದನೆಯ ವರಾಂಡ, ದೊಡ್ಡ ದೊಡ್ಡ ಕಿಟಕಿ. ಗಣಿಯಲ್ಲಿ ದುಡಿದು ಬಂದ ಹಿರಿಯರ ಎದೆಯ ಚಿತ್ರಗಳನ್ನು ಅಲ್ಲಿ ಎಷ್ಟು ತೆಗೆದೆನೋ ಲೆಕ್ಕವಿಲ್ಲ. ಕಲ್ಲಿನ ಧೂಳು ಕೂತ ಶ್ವಾಸಕೋಶದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಅವರು ಉಸಿರು ಹಿಡಿಯಲು ಪಡುವ ಪಾಡು ನೋಡಿ, ಅವರ ಜೊತೆ ನಾನೂ ಉಸಿರು ಹಿಡಿದು ನಿಲ್ಲುತ್ತಿದ್ದೆ. ಸವರಿಮುತ್ತುವಿನ ಅಪ್ಪನೂ ಅವರಲ್ಲಿ ಒಬ್ಬರು. ಸವರಿಮುತ್ತು ನನ್ನ ವಾರಿಗೆಯವನು. ಕೆಲಸದಲ್ಲಿ ಅವನು ಅಟೆಂಡರ್, ನಾನು ಟೆಕ್ನಿಷಿಯನ್ ಎಂದು ಹಾಜರಿಯಲ್ಲಿ ಬರೆದಿತ್ತೇ ಹೊರತು, ನಾವಿಬ್ಬರೂ ಒಂದು ನೊಗದ ಎತ್ತುಗಳ ಹಾಗೇ ಇದ್ದೆವು.

ಹಾಗಿರುವಾಗ ಕೊರೊನಾ ಬಂತು.

ಲಾಕ್‌ಡೌನಿನ ಮೊದಲ ವಾರಗಳು ನನಗೆ ನೆನಪಿರುವುದು ಅದರ ನಿಶ್ಶಬ್ದದಿಂದ. ರಸ್ತೆಯಲ್ಲಿ ಗಾಡಿಗಳಿಲ್ಲ, ಹಾಗಾಗಿ ಕೈಕಾಲು ಮುರಿದುಕೊಂಡು ಬರುವವರೂ ಇಲ್ಲ. ಸೋಮವಾರ ಬೆಳಿಗ್ಗೆ ನಮ್ಮ ಬೆಂಚುಗಳು ಖಾಲಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಸವರಿಮುತ್ತು, "ಸರೋಜಕ್ಕಾ, ಕೆಜಿಎಫ್ ಪೂರಾ ಆರೋಗ್ಯ ಆಗೋಯ್ತಾ ಏನು?" ಎಂದ. ಆರೋಗ್ಯ ಎಲ್ಲಿ ಬಂತು! ಹೊಟ್ಟೆನೋವನ್ನು, ಎದೆನೋವನ್ನು ಮನೆಯಲ್ಲೇ ನುಂಗಿಕೊಂಡು ಕೂತಿದ್ದರು ಅಷ್ಟೆ. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ, ಇಲ್ಲವೇ ಕೊರೊನಾ ಅಂತ ಹೇಳಿ ಹಿಡಿದಿಟ್ಟುಕೊಳ್ಳುತ್ತಾರೆ ಎಂಬ ಭಯ. ಬರುವ ಹೊತ್ತಿಗೆ ಅಪೆಂಡಿಕ್ಸ್ ಒಡೆದಿರುತ್ತಿತ್ತು, ಮುರಿದ ಕೈ ಊದಿ ಕಪ್ಪಾಗಿರುತ್ತಿತ್ತು. ಬಂದವರು ಕಮ್ಮಿ, ಬಂದವರ ಕಷ್ಟ ಹೆಚ್ಚು.

ಇನ್ನು ಜ್ವರ, ಕೆಮ್ಮು, ಏದುಸಿರಿನವರು. ಅವರಿಗೆ ಕಾಂಪೌಂಡಿನ ಇನ್ನೊಂದು ತುದಿಯಲ್ಲಿ ಬೇರೆ ಬ್ಲಾಕ್ ಮಾಡಿದ್ದರು. ಆದರೆ ಎಕ್ಸ್‌ರೇ ಕೋಣೆ ಇದ್ದದ್ದು ಒಂದೇ. ಪಿಪಿಇ ಉಡುಪು ತೊಟ್ಟ ಡಾಕ್ಟರಿಗೆ ಸ್ಟೆತಾಸ್ಕೋಪನ್ನು ಕಿವಿಗೆ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಎದೆಯೊಳಗೆ ಏನಿದೆ ಎಂದು ಕೇಳಿಸಿಕೊಳ್ಳಲಾಗದ ಮೇಲೆ ನೋಡಲೇಬೇಕಲ್ಲ. ಎಲ್ಲರಿಗೂ ಎದೆಯ ಎಕ್ಸ್‌ರೇ ಬೇಕಾಯಿತು. ಒಬ್ಬ ಜ್ವರದವರು ಬಂದು ಹೋದರೆ ಕೋಣೆಯನ್ನೆಲ್ಲಾ ಒರೆಸಿ, ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು ಕಾಯಬೇಕು. ಅಷ್ಟು ಹೊತ್ತೂ ಮುರಿದ ಕಾಲಿನವರು ಹೊರಗೆ ನರಳುತ್ತಾ ಕೂರಬೇಕು.

ಡ್ಯೂಟಿ ಡಾಕ್ಟರ್ ಫರ್ಹಾನಾ ಮೇಡಂಗೆ ಈ ಕಿಟಕಿಯ ಯೋಚನೆ ಬಂತು. ಆಂಡರ್ಸನ್‌ಪೇಟೆಯ ಹುಡುಗಿ, ಓದು ಮುಗಿಸಿ ಹೊಸದಾಗಿ ಬಂದಿದ್ದರು. "ಸರೋಜಾ ಮೇಡಂ, ನಿಮ್ಮ ತಳ್ಳೋ ಮೆಷಿನ್ ಇದೆಯಲ್ಲ, ಅದು ವರಾಂಡದಲ್ಲೇ ಇರಲಿ. ಪೇಷಂಟು ಒಳಗೆ ಕೂರಲಿ. ಕಿರಣ ಗಾಜು ದಾಟಿ ಹೋಗುತ್ತೆ ಅಲ್ವಾ? ಸ್ವಲ್ಪ ಜಾಸ್ತಿ ಕೊಟ್ಟರೆ ಆಯ್ತು. ಬೇರೆ ಕಡೆ ಹೀಗೆ ಮಾಡ್ತಿದ್ದಾರೆ ಅಂತ ಕೇಳಿದೆ" ಎಂದರು. ಸರಿ, ಮಾಡೋಣ ಎಂದೆ. ರೋಗಿಯ ಬೆನ್ನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕ್ಯಾಸೆಟ್ಟು. ಅಂದರೆ ಚಿತ್ರ ಹಿಡಿಯುವ ಚಪ್ಪಟೆ ಹಲಗೆ. ಮುಂದೆ ಕಿಟಕಿ, ಕಿಟಕಿಯಾಚೆ ಮೆಷಿನ್ನು ಮತ್ತು ನಾನು.

ಮೊದಲ ದಿನದ ಚಿತ್ರ ಕಂಪ್ಯೂಟರಿನಲ್ಲಿ ಮೂಡಿದಾಗ ಫರ್ಹಾನಾ ಮೇಡಂ ತೆರೆಯ ಹತ್ತಿರಕ್ಕೆ ಬಗ್ಗಿ ನೋಡಿದರು.

"ಮೇಡಂ, ಈ ಪೇಷಂಟು ಜೈಲಲ್ಲಿದ್ದಾರಾ?"

ಎದೆಗೂಡಿನ ಮೇಲೆ ನೇರವಾಗಿ, ಅಚ್ಚುಕಟ್ಟಾಗಿ, ಕಿಟಕಿಯ ಕಬ್ಬಿಣದ ಸರಳುಗಳು! ಪಕ್ಕೆಲುಬು ಅಡ್ಡಡ್ಡ, ಸರಳು ಉದ್ದುದ್ದ. ಗಾಜಿನ ಯೋಚನೆಯಲ್ಲಿ ಮುಳುಗಿದ್ದ ನಮಗೆ ಸರಳು ಕಣ್ಣಿಗೇ ಬಿದ್ದಿರಲಿಲ್ಲ. ದಿನಾ ನೋಡುವ ಕಿಟಕಿ ನೋಡಿ, ಅದಕ್ಕೇ. ಸವರಿಮುತ್ತು ಹಣೆ ಚಚ್ಚಿಕೊಂಡು, "ಅಯ್ಯೋ ಆಂಡವಾ, ಏನ್ ತಪ್ಪು ಮಾಡಿದ್ರೋ ಪಾಪ, ಜಾಮೀನು ಕೊಡ್ಸಿ ಡಾಕ್ಟರಮ್ಮ" ಎಂದ. ಆ ದಿನಗಳಲ್ಲಿ ನಾವು ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದು ಅವತ್ತೊಂದೇ ದಿನ ಇರಬೇಕು.

ಆಮೇಲೆ ಹುಡುಕಿದಾಗ ವರಾಂಡದ ಕೊನೆಯಲ್ಲಿ, ಡ್ರೆಸಿಂಗ್ ಸಾಮಾನು ತುಂಬಿಟ್ಟಿದ್ದ ಕೋಣೆಗೆ ಸರಳಿಲ್ಲದ ಒಂದೇ ದೊಡ್ಡ ಗಾಜಿನ ಕಿಟಕಿ ಸಿಕ್ಕಿತು. ಅದಕ್ಕೆ ಹೊರಗಿನಿಂದಲೇ ಒಂದು ಬಾಗಿಲು. ಸಾಮಾನೆಲ್ಲಾ ತೆಗೆದು ಒಂದು ಕುರ್ಚಿ ಹಾಕಿದೆವು. ಎಲ್ಲರ ಬಾಯಲ್ಲಿ ಅದು ಗಾಜಿನ ಕೋಣೆ ಆಯಿತು.

ಹೊಸ ತೊಂದರೆ ಎಂದರೆ ಮಾತು. ಮುಖಕ್ಕೆ ಮಾಸ್ಕು, ನಡುವೆ ಗಾಜು. ನನ್ನ ಮೂರು ಭಾಷೆಯೂ ಆಚೆಗೆ ಮುಟ್ಟುತ್ತಿರಲಿಲ್ಲ. ಆಗ ಸವರಿಮುತ್ತು ಕೈಸನ್ನೆ ಹುಡುಕಿದ. ಎರಡೂ ಕೈ ಮೇಲೆತ್ತಿದರೆ ಉಸಿರು ಎಳೆದುಕೊಳ್ಳಿ, ಮುಷ್ಟಿ ಬಿಗಿದರೆ ಹಿಡಿದುಕೊಳ್ಳಿ, ಬೆರಳು ಬಿಚ್ಚಿದರೆ ಬಿಡಿ. ಬ್ಯಾಂಡ್ ಮಾಸ್ಟರ್ ಹಾಗೆ ವರಾಂಡದಲ್ಲಿ ನಿಲ್ಲುತ್ತಿದ್ದ. ಮೊದಲು ಕೂತ ಅಜ್ಜಿ ಅವನು ಕೈ ಎತ್ತಿದ್ದನ್ನು ನೋಡಿ, ತಾನೂ ಎರಡು ಕೈ ಎತ್ತಿ ಎದ್ದು ನಿಂತಿತು. ಬೆನ್ನ ಹಿಂದಿನ ಕ್ಯಾಸೆಟ್ಟು ದಡ್ ಎಂದು ನೆಲಕ್ಕೆ. ಅಂದಿನಿಂದ ಒಳಗೆ ಕಳಿಸುವ ಮೊದಲೇ ಪಾಠ ಮಾಡಿ ಕಳಿಸುತ್ತಿದ್ದೆವು.

ಮನೆಯಲ್ಲಿ ನಮ್ಮ ಮನೆಯವರ ಉಪಕಾರವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ರೈಲು ನಿಂತುಹೋಗಿತ್ತು. ಅವರೇ ಸ್ಕೂಟರಿನಲ್ಲಿ ಕರೆತಂದು ಬಿಡುತ್ತಿದ್ದರು. ವಾಪಸು ಬರುವ ಹೊತ್ತಿಗೆ ಹಿತ್ತಲ ಬಚ್ಚಲಲ್ಲಿ ನೀರು ಕಾದಿರುತ್ತಿತ್ತು, ತಂತಿಯ ಮೇಲೆ ಒಗೆದ ಸೀರೆ ಇರುತ್ತಿತ್ತು. ಒಂದು ದಿನವೂ "ಈ ಕೆಲಸ ಬಿಟ್ಟುಬಿಡು" ಎನ್ನಲಿಲ್ಲ. ಎಷ್ಟೋ ಮನೆಗಳಲ್ಲಿ ಅಂದರು ಎಂದು ಕೇಳಿದ್ದೇನೆ.

ಈಗ ಮುನಿಶಾಮಿಯ ವಿಷಯಕ್ಕೆ ಬರುತ್ತೇನೆ. ಆ ಹುಡುಗಿಗೆ ಅರ್ಧ ಹೇಳಿದ್ದೆ, ಅಷ್ಟರಲ್ಲಿ ಅವಳ ಬಸ್ಸಿಗೆ ಹೊತ್ತಾಯಿತು.

ಒಂದು ದಿನ ಬೆಳಿಗ್ಗೆ, ಕಾಮಸಮುದ್ರದ ಕಡೆಯ ಹಳ್ಳಿಯಿಂದ ಕುರಿ ಕಾಯುವ ಮುನಿಶಾಮಿಯನ್ನು ಅವನ ಹೆಂಡತಿ ಗೌರಮ್ಮ ಆಟೋದಲ್ಲಿ ಕರೆತಂದಳು. ಅವಳಿಗೆ ನಲವತ್ತರ ಆಸುಪಾಸು, ಅವನಿಗೆ ಇನ್ನೂ ನಾಲ್ಕೈದು ಹೆಚ್ಚಿರಬಹುದು. ಗೇಟಿನಲ್ಲಿ ಹಣೆಗೆ ಗನ್ನು ಹಿಡಿದು ಜ್ವರ ನೋಡಿದ್ದಾರೆ, ಇಲ್ಲ. ಏನಾಯ್ತು ಎಂದರೆ ಬಂಡೆ ಮೇಲೆ ಜಾರಿ ಬಿದ್ದ, ಕಾಲು ನೋವು ಎಂದಿದ್ದಾಳೆ. ಪಾದದ ಗಂಟು ಊದಿದ್ದೂ ನಿಜವೇ. ಗಾಲಿಕುರ್ಚಿಯಲ್ಲಿ ಕೂರಿಸಿ, ಕಾಲಿನ ಎಕ್ಸ್‌ರೇ ಎಂದು ಬರೆದು ನಮ್ಮ ಕೋಣೆಗೆ ಕಳಿಸಿದರು.

ಟೇಬಲ್ಲಿಗೆ ಹತ್ತಿಸಿ, "ಕಾಲು ನೀಡಿ ಮಲಕ್ಕೊಳ್ಳಿ" ಎಂದೆ.

"ಮಲಗ್ತೀನಿ... ಅಕ್ಕಾ. ಒಸಿ... ತಡೀರಿ."

ಮಲಗಲಿಲ್ಲ. ಟೇಬಲ್ಲಿನ ಅಂಚು ಹಿಡಿದು ಕೂತೇ ಇದ್ದ. ಗೌರಮ್ಮ ನಡುವೆ ಬಾಯಿ ಹಾಕಿ, "ಕೂತ್ಕಂಡೇ ತೆಗೀರವ್ವ, ಕಾಲ್ಗೇನು, ಕೂತ್ರೂ ಅದೇ ಕಾಲೇ ಅಲ್ವಾ" ಎಂದಳು.

"ಬೆಳಿಗ್ಗೆ ಊಟ ಏನ್ ಮಾಡಿದ್ರಿ?" ಎಂದು ನಾನು ಅವನನ್ನು ಕೇಳಿದೆ.

"ಮುದ್ದೆ..." ಎಂದ. ನಿಲ್ಲಿಸಿದ. "...ಉಪ್ಸಾರು." ಮತ್ತೆ ನಿಲ್ಲಿಸಿದ. ಮಾಸ್ಕಿನ ಬಟ್ಟೆ ಬಾಯಿಗೆ ಅಂಟಿ, ಬಿಟ್ಟು, ಅಂಟಿ, ಬಿಟ್ಟು ಆಡುತ್ತಿತ್ತು. ನಮ್ಮಲ್ಲಿದ್ದ ಆಕ್ಸಿಜನ್ ನೋಡುವ ಕ್ಲಿಪ್ಪನ್ನು ಬೆರಳಿಗೆ ಹಾಕಿದೆ. ಕೆಂಪು ಅಂಕಿ ಇಳಿಯುತ್ತಾ ಹೋಯಿತು. ಕಾಲಿನ ವಿಷಯವಲ್ಲ ಇದು. ಈ ಮನುಷ್ಯನ ಜೀವ ಹೋಗುತ್ತಿದೆ.

ನಾನು ಫೋನ್ ಕೈಗೆತ್ತಿಕೊಂಡದ್ದೇ ತಡ, ಗೌರಮ್ಮ ನನ್ನ ಕೈ ಹಿಡಿದಳು.

"ಯಾರ್ಗವ್ವಾ ಮಾಡ್ತಿದ್ದೀಯ?"

"ಡಾಕ್ಟರಿಗಮ್ಮಾ. ಇವರಿಗೆ ಉಸಿರು ಸಾಲ್ತಾ ಇಲ್ಲ."

"ಇಲ್ಲ ಇಲ್ಲ, ಅದು ನೋವ್ಗೆ ಅಂಗೆ ಮಾಡ್ತನೆ. ನಿನ್ ಕಾಲಿಗ್ ಬೀಳ್ತೀನಿ, ಉಸ್ರು ಅಂತ ಮಾತ್ರ ಏಳ್ಬೇಡ. ಆ ಕಡೆ ಬ್ಲಾಕ್ಗೆ ಆಕ್ಬಿಡ್ತಾರೆ. ನಮ್ಮೂರ ನಾರಾಣಪ್ಪನ್ನ ಅಂಗೇ ಕರ್ಕೊಂಡೋದ್ರು. ಎಂಡ್ರು ಮುಖ ಕೂಡ ನೋಡ್ಲಿಲ್ಲ, ಚೀಲ್ದಾಗೆ ಸುತ್ತಿ ಮಣ್ಣು ಮಾಡ್ಬುಟ್ರು" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಏಳಯ್ಯ ಮಾವ, ಓಗಾನ. ಆಟೋ ಇನ್ನೂ ಇಲ್ಲೇ ಐತೆ" ಎಂದು ಅವನ ತೋಳಿಗೆ ಕೈ ಹಾಕಿದಳು.

ಮಾವ ಎಂದದ್ದು ಕೇಳಿ ತಿಳಿಯಿತು, ಸೋದರಮಾವನನ್ನೇ ಮದುವೆಯಾದವಳು. ಹುಟ್ಟಿದಾಗಿನಿಂದ ನೋಡಿದ ಮನುಷ್ಯ. ಅವನನ್ನು ಗಾಲಿಕುರ್ಚಿಗೆ ಇಳಿಸಿಕೊಂಡು ಬಾಗಿಲವರೆಗೆ ತಳ್ಳಿಕೊಂಡು ಬಂದೇಬಿಟ್ಟಳು. ನಾನು "ಅಮ್ಮಾ, ಮನೆಗೆ ಕರ್ಕೊಂಡು ಹೋದ್ರೆ ಉಳಿಯಲ್ಲಮ್ಮಾ" ಎಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲಿಗೆ ಅಡ್ಡವಾಗಿ ಸವರಿಮುತ್ತು ನಿಂತಿದ್ದ.

"ಜರುಗಯ್ಯಾ!"

"ಎಲ್ಲಿಗಮ್ಮಾ? ಕಾಮಸಮುದ್ರಂ ರೋಡು ಗೊತ್ತಾ ನಿಂಗೆ? ಎಷ್ಟು ಅಳ್ಳ ಇದೆ ಅಂತ ಗೊತ್ತಾ? ನಿನ್ ಮಾವ ಬೇತಮಂಗಲ ದಾಟಲ್ಲ. ಇರು, ಡಾಕ್ಟರಮ್ಮ ಬರ್ಲಿ. ಅವ್ರು ಬೇಡ ಅಂದ್ರೆ ನಾನೇ ಆಟೋ ತಂಕ ತಳ್ತೀನಿ, ಸತ್ಯವಾಗ್ಲೂ."

ಅವನು ಅಷ್ಟು ಮಾತಾಡಿದ್ದು ಅವಳನ್ನು ಒಂದಿಷ್ಟು ಹೊತ್ತು ನಿಲ್ಲಿಸಲಿಕ್ಕೆ. ಬೇತಮಂಗಲ ಆ ದಾರಿಯಲ್ಲೇ ಸಿಗುವುದಿಲ್ಲ. ಗೌರಮ್ಮನೂ ಆ ಕೋಪದಲ್ಲೇ, "ಬೇತಮಂಗ್ಲ ಯಾಕ್ ಬತ್ತದಯ್ಯಾ ಆ ದಾರೀಲಿ? ದಾರಿ ಗೊತ್ತಿಲ್ದೋನು ನಂಗೇಳಾಕ್ ಬಂದ" ಎಂದು ಅವನ ಜೊತೆ ಜಗಳಕ್ಕೆ ನಿಂತಳು. ಆ ಸಂದಿನಲ್ಲಿ ನಾನು ಫೋನ್ ಮಾಡಿದೆ, ಫರ್ಹಾನಾ ಮೇಡಂ ಬಂದರು. ಈಗಲೂ ಆ ಬೇತಮಂಗಲಕ್ಕೆ ನಾನು ಕೈ ಮುಗಿಯುತ್ತೇನೆ.

ಮೇಡಂ ಅವನ ಕುತ್ತಿಗೆ ನೋಡಿದರು, ಬೆರಳಿನ ಅಂಕಿ ನೋಡಿದರು. ಅಂಗಿಯ ಮೇಲಿಂದಲೇ ಎದೆಗೆ ಕೈಯಿಟ್ಟಾಗ ಅವನು ಮುಖ ಕಿವುಚಿದ. ಗಾಲಿಕುರ್ಚಿಯ ಪಕ್ಕ ಕುಕ್ಕರಿಸಿದ್ದ ಗೌರಮ್ಮನ ಮುಂದೆ ಮೇಡಂ ಮಂಡಿ ಊರಿ ಕೂತರು. ಆ ಪ್ಲಾಸ್ಟಿಕ್ ಉಡುಪಿನಲ್ಲಿ ಹಾಗೆ ಕೂರುವುದು ಎಷ್ಟು ಹಿಂಸೆ ಎಂದು ತೊಟ್ಟವರಿಗೇ ಗೊತ್ತು.

"ಅಮ್ಮಾ, ಎಷ್ಟು ದಿನದಿಂದ ಹೀಗಿದೆ?"

"ಏನಿಲ್ಲ ಕಣವ್ವ. ಚೆನ್ನಾಗವ್ರೆ."

"ಕೆಮ್ಮು? ಜ್ವರ?"

"ಏನೂ ಇಲ್ಲಂದ್ನಲ್ಲ."

ಮೇಡಂ ನನ್ನ ಕಡೆ ನೋಡಿದರು. ಮುಖದಲ್ಲಿ ಕಣ್ಣು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ, ಆದರೂ ಅವರ ಸಂಕಟ ನನಗೆ ಅರ್ಥವಾಯಿತು. ನಿಯಮದ ಪ್ರಕಾರ ಏದುಸಿರಿನವರೆಲ್ಲಾ ಆ ಕಡೆ ಬ್ಲಾಕಿಗೆ. ಅಲ್ಲಿ ಅವತ್ತು ಬಾಗಿಲ ಹೊರಗೂ ಜನ ಕೂತಿದ್ದರು. ಸ್ವಾಬ್ ತೆಗೆದು, ಹಾಸಿಗೆ ಸಿಕ್ಕಿ, ಎದೆಯ ಚಿತ್ರ ತೆಗೆಯುವ ಹೊತ್ತಿಗೆ ಇವನು ಇರುತ್ತಾನೋ ಇಲ್ಲವೋ. ಬಲವಂತ ಮಾಡಿದರೆ ಗೌರಮ್ಮ ಆಟೋ ಹತ್ತಿಸುತ್ತಾಳೆ. ಎರಡು ದಾರಿಯಲ್ಲೂ ಸಾವೇ.

"ಗಾಜಿನ ಕೋಣೆ ಖಾಲಿ ಇದೆಯಾ?" ಎಂದರು.

"ಈಗ ತಾನೇ ಒರೆಸಿ ಬಂದ್ವಿ ಮೇಡಂ."

ಅವರು ಗೌರಮ್ಮನಿಗೆ ಹೇಳಿದ್ದು ಇಷ್ಟೇ: "ನಿಮ್ಮವರನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಅಗೋ ಅಲ್ಲಿ, ವರಾಂಡದ ಕೊನೇಲಿ ಒಂದು ಕೋಣೆ ಇದೆ. ಅವರು ಒಳಗೆ ಕೂತಿರ್ತಾರೆ. ನಾವು ಹೊರಗಿಂದ ಫೋಟೋ ತೆಗೀತೀವಿ. ನೀವು ಕಿಟಕಿ ಹತ್ರಾನೇ ನಿಂತಿರಿ. ಏನು ಮಾಡಿದ್ರೂ ನಿಮ್ಮ ಕಣ್ಣೆದುರೇ. ಕಣ್ಣಿಗೆ ಮರೆಯಾದ್ರೆ ನನ್ನ ಕೇಳಿ."

ಗೌರಮ್ಮ ಎದ್ದು ಹೋಗಿ ಆ ಕಿಟಕಿಯನ್ನು ನೋಡಿಕೊಂಡು ಬಂದಳು. ಗಾಜನ್ನು ಕೈಯಿಂದ ತಟ್ಟಿ ನೋಡಿದಳಂತೆ, ಸವರಿಮುತ್ತು ಹೇಳಿದ. "ಆಗ್ಲಿ" ಎಂದಳು.

ಇದನ್ನೇ ನಾನು ಆ ಹುಡುಗಿಗೆ ಹೇಳಬೇಕೆಂದಿದ್ದದ್ದು. ಗಾಜಿನ ಕೋಣೆ ಮಾಡಿದ್ದು ನಮ್ಮನ್ನು ಕಾಪಾಡಿಕೊಳ್ಳಲಿಕ್ಕೆ, ಕೋಣೆ ಒರೆಸುವ ಹೊತ್ತು ಉಳಿಸಲಿಕ್ಕೆ. ಒಳಗಿರುವವರನ್ನು ಹೊರಗಿನವರು ನೋಡುತ್ತಾ ಇರಬಹುದು ಎಂಬುದು ನಮಗೆ ಹೊಳೆದಿರಲೇ ಇಲ್ಲ. ಆ ರೋಗದ ದಿನಗಳಲ್ಲಿ ಜನ ಹೆದರಿದ್ದು ಸಾವಿಗೆ ಮಾತ್ರ ಅಲ್ಲ, ಕಣ್ಣಿಗೆ ಮರೆಯಾಗುವುದಕ್ಕೆ.

ಅವನನ್ನು ಒಳಗೆ ಕೂರಿಸಿ, ಆಕ್ಸಿಜನ್ ಕೊಟ್ಟು, ಬೆನ್ನಿಗೆ ಕ್ಯಾಸೆಟ್ಟು ಇಟ್ಟು ಸವರಿಮುತ್ತು ಹೊರಗೆ ಬಂದ. ಗೌರಮ್ಮನನ್ನು ಕಿರಣ ತಾಗದಷ್ಟು ದೂರಕ್ಕೆ, ಆದರೆ ಅವನು ಕಾಣುವ ಹಾಗೆ, ಕಂಬದ ಪಕ್ಕ ನಿಲ್ಲಿಸಿದೆ. ಸವರಿಮುತ್ತು ಕೈ ಎತ್ತಿದ. ಮುನಿಶಾಮಿಗೆ ಉಸಿರು ಎಳೆದುಕೊಳ್ಳಲು ಆಗಲೇ ಇಲ್ಲ. ಇದ್ದಷ್ಟರಲ್ಲೇ ತೆಗೆದೆ.

ಚಿತ್ರ ಮೂಡಿತು. ಎಡಗಡೆ ಶ್ವಾಸಕೋಶ ಸರಿಯಾಗೇ ಇತ್ತು. ಬಲಗಡೆ ಪೂರಾ ಕಪ್ಪು. ಕಪ್ಪು ಎಂದರೆ ಬರೀ ಗಾಳಿ. ಇರಬೇಕಾದ ಶ್ವಾಸಕೋಶ ಮುದುರಿ, ಹಿಂಡಿದ ಬಟ್ಟೆಯ ಹಾಗೆ ಹೃದಯದ ಪಕ್ಕಕ್ಕೆ ಹೋಗಿ ಕೂತಿತ್ತು. ಆ ಗಾಳಿ ಹೃದಯವನ್ನೂ ಆಚೆಗೆ ನೂಕಿತ್ತು. ಪಕ್ಕೆಲುಬುಗಳಲ್ಲಿ ಬಿರುಕು, ಅದು ಚುಚ್ಚಿ ಶ್ವಾಸಕೋಶದ ಗಾಳಿ ಸೋರಿತ್ತು. ಫರ್ಹಾನಾ ಮೇಡಂ ಕಂಪ್ಯೂಟರ್ ಬಿಟ್ಟು ಓಡಿದರು. ಓಡುತ್ತಲೇ ಗೌರಮ್ಮನಿಗೆ ಕೂಗಿದರು.

"ಅಮ್ಮಾ, ಇವರಿಗೆ ಎದೆಗೆ ಏನು ಬಡೀತು? ನಿಜ ಹೇಳಿ. ಇದು ಕೊರೊನಾ ಥರ ಇಲ್ಲ!"

ಗೌರಮ್ಮ ಕಿಟಕಿಯ ಕಡೆಗೊಮ್ಮೆ, ಮೇಡಂ ಕಡೆಗೊಮ್ಮೆ ನೋಡಿದಳು.

"ಟಗರು" ಎಂದಳು.

"ಏನು?"

"ನಮ್ ಟಗರು ಕಣವ್ವ. ಮೊನ್ನೆ ಬಂದು ಎದೆಗೇ ಗುದ್ದುಬುಡ್ತು. ಬಂಡೆ ಮೇಲಿಂದ ಬಿದ್ರು. ಎದೆ ಅಂದ್ರೆ ಆ ಬ್ಲಾಕ್ಗೆ ಆಕ್ತಾರೆ ಅಂತ... ಕಾಲು ಅಂತ ಮಾತ್ರ ಏಳು, ಉಸ್ರು ಎತ್ಬೇಡ, ಏದುಸ್ರು ಬಿಡ್ಬೇಡ ಅಂತ ನಾನೇ ಏಳಿ ಕರ್ಕೊಂಡ್ ಬಂದೆ." ಅಷ್ಟು ಹೇಳಿ ಅಲ್ಲೇ ಕಂಬಕ್ಕೆ ಒರಗಿ ಕುಸಿದಳು.

ಆಟೋದಲ್ಲಿ ಬರುವ ದಾರಿಯುದ್ದಕ್ಕೂ, ಗೇಟಿನಲ್ಲಿ, ಸಾಲಿನಲ್ಲಿ, ಆ ಮನುಷ್ಯ ಹೆಂಡತಿಯ ಮಾತಿಗೆ ಕಟ್ಟುಬಿದ್ದು, ಒಂದೇ ಶ್ವಾಸಕೋಶದಲ್ಲಿ, ಏದುಸಿರು ಕಾಣದ ಹಾಗೆ ಕೂತಿದ್ದ.

ಸ್ವಾಬ್ ತೆಗೆದರು, ಆದರೆ ಅದರ ಫಲಿತಾಂಶಕ್ಕೆ ಕಾಯಲಿಲ್ಲ. ಕೊರೊನಾ ಇದೆ ಎಂದೇ ಎಣಿಸಿ, ಪೂರಾ ಉಡುಪಿನಲ್ಲಿ, ಆ ಗಾಜಿನ ಕೋಣೆಯಲ್ಲೇ ಫರ್ಹಾನಾ ಮೇಡಂ ಪಕ್ಕೆಗಳ ನಡುವೆ ಮೊದಲು ಸೂಜಿ ಚುಚ್ಚಿದರು, ಆಮೇಲೆ ನಳಿಕೆ ಹಾಕಿದರು. ನಳಿಕೆಯ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ. ಕಟ್ಟಿಕೊಂಡಿದ್ದ ಗಾಳಿ ಗುಳುಗುಳು ಎಂದು ಹೊರಗೆ ಬಂತು. ಹೊರಗೆ ಗೌರಮ್ಮ ಒಮ್ಮೆಯೂ ಮುಖ ತಿರುಗಿಸಲಿಲ್ಲ. ನಾನು ಅವಳ ಪಕ್ಕ ನಿಂತಿದ್ದೆ. ಮುಟ್ಟಬಾರದು ಎಂಬ ನಿಯಮವಿತ್ತು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ನಾನು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಮೇಡಂ ಹೊರಗೆ ಬಂದು ಮುಖದ ಶೀಲ್ಡ್ ತೆಗೆದಾಗ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನೀರು ಕುಡಿಯಿರಿ ಎಂದು ಲೋಟ ಕೊಟ್ಟರೆ, "ಮೊದಲು ಇನ್ನೊಂದು ಚಿತ್ರ ತೆಗೀರಿ ಮೇಡಂ, ಶ್ವಾಸಕೋಶ ಅರಳಿದೆಯಾ ನೋಡಬೇಕು" ಎಂದರು. ಇಂಥವರ ಕೈಕೆಳಗೆ ಕೆಲಸ ಮಾಡಿದೆ ಎಂದು ಹೇಳಿಕೊಳ್ಳುವುದೇ ನನಗೊಂದು ಸಂಪಾದನೆ. ವಯಸ್ಸಿನಲ್ಲಿ ಅವರು ನನ್ನ ಮಗಳಾಗಬಹುದಿತ್ತು.

ಮೆಷಿನ್ನನ್ನು ಮತ್ತೆ ಕಿಟಕಿಗೆ ತಂದೆವು. ಸವರಿಮುತ್ತು ಎರಡೂ ಕೈ ಎತ್ತಿದ. ಈ ಸಲ ಮುನಿಶಾಮಿಯ ಎದೆ ಏರಿತು. ಸವರಿಮುತ್ತು ಮುಷ್ಟಿ ಬಿಗಿದ. ಮುನಿಶಾಮಿ ಉಸಿರು ಹಿಡಿದುಕೊಂಡ. ನಾನು ಗುಂಡಿ ಒತ್ತಿದೆ. ಅಷ್ಟು ಹೊತ್ತಿನ ಆತಂಕವೆಲ್ಲಾ ಇಳಿದ ಸವರಿಮುತ್ತು ಹಾಗೇ ತಿರುಗಿ, ಮೂಗು ಒರೆಸಿಕೊಳ್ಳುತ್ತಾ ಮೆಷಿನ್ನಿನ ವೈರು ಸುತ್ತಲು ಹೋದ. ಬೆರಳು ಬಿಚ್ಚಬೇಕು ಎಂಬುದನ್ನೇ ಮರೆತಿದ್ದ. ಒಳಗೆ ಮುನಿಶಾಮಿ, ಹೇಳಿದ ಮಾತು ಮೀರದ ಮನುಷ್ಯ, ಹಿಡಿದ ಉಸಿರನ್ನು ಹಿಡಿದೇ ಕೂತಿದ್ದ. ಕಣ್ಣು ದೊಡ್ಡದಾಗುತ್ತಿತ್ತು.

ಮೊದಲು ನೋಡಿದವಳು ಗೌರಮ್ಮ. ಕಂಬದ ಹತ್ತಿರದಿಂದ ನುಗ್ಗಿ ಬಂದು ಅಂಗೈಯಿಂದ ಗಾಜು ಬಡಿದಳು.

"ಬುಡೋ ಮಾವಾ! ಉಸ್ರು ಬುಡೋ! ಯಾರ್ ಕೇಳುದ್ರೂ ಕೇಳ್ಲಿ, ಜೋರಾಗಿ ಬುಡು!"

ಆ ಕೂಗು ಗಾಜು ದಾಟಿತು, ಮಾಸ್ಕು ದಾಟಿತು. ವರಾಂಡದ ಆ ತುದಿಯಲ್ಲಿದ್ದವರೆಲ್ಲಾ ತಿರುಗಿ ನೋಡಿದರು. ಮುನಿಶಾಮಿ ಹಾ ಎಂದು ಉಸಿರು ಬಿಟ್ಟ. ನೋವಿಗೆ ನರಳಿದ, ನರಳುತ್ತಲೇ ನಕ್ಕ.

ಚಿತ್ರದಲ್ಲಿ ಮುದುರಿದ್ದ ಶ್ವಾಸಕೋಶ ಬಿಚ್ಚಿಕೊಂಡು ಪಕ್ಕೆಗಳ ಹತ್ತಿರದವರೆಗೂ ಬಂದಿತ್ತು. ಹೃದಯ ತನ್ನ ಜಾಗಕ್ಕೆ ಮರಳಿತ್ತು. ಫರ್ಹಾನಾ ಮೇಡಂ ಆಗ ನೀರು ಕುಡಿದರು.

ಸ್ವಾಬಿನ ಫಲಿತಾಂಶ ಆಮೇಲೆ ಬಂತು, ಕೊರೊನಾ ಇರಲಿಲ್ಲ. ಅದು ಬರುವವರೆಗೂ ಅವನು ಗಾಜಿನ ಕೋಣೆಯಲ್ಲೇ ಇರಬೇಕಾಗಿತ್ತು. "ನೀವು ಊರಿಗೆ ಹೋಗಿ ಬನ್ನಿ ಅಮ್ಮಾ, ನಾವು ನೋಡಿಕೊಳ್ತೀವಿ" ಎಂದು ಮೇಡಂ ಹೇಳಿದರು.

"ನೀವ್ ನೋಡ್ಕೊಳ್ಳಿ" ಎಂದಳು ಗೌರಮ್ಮ. "ನಾನೂ ನೋಡ್ತಾ ಇರ್ತೀನಿ."

ಆಟೋದವನಿಂದ ಒಂದು ಗೋಣಿಚೀಲ ಇಸಿದುಕೊಂಡು, ಅವನನ್ನು ಕಳಿಸಿ ಬಂದು ಕಿಟಕಿಯ ಕೆಳಗೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಆಗಾಗ ಎದ್ದು ಇಣುಕುವಳು, ಕೂರುವಳು. ಅವಳನ್ನು ಅಲ್ಲಿಂದ ಏಳಿಸಬೇಕು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ನಾನೂ ಸವರಿಮುತ್ತುವೂ ಮೆಷಿನ್ನನ್ನು ಅವಳ ಗೋಣಿಯ ಅಂಚು ತಪ್ಪಿಸಿ, ಬಳಸಿಕೊಂಡು, ಮುಂದಿನ ವಾರ್ಡಿಗೆ ತಳ್ಳಿಕೊಂಡು ಹೋದೆವು.